ಗುಡುಗಿದಾಗ ಕಿತ್ತ ಪ್ಲಗ್ಗು

ವಿಶಾಲಾಕ್ಷಿಯ ಹಾಡುಗಳು ಇನ್ನು ಸಿಗುವುದಿಲ್ಲವೆಂದು ತಿಳಿದದ್ದು ಒಂದು ಬುಧವಾರ. ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಧರ್ಮೇಶ ಎರಡು ದಿನ ಇಟ್ಟುಕೊಂಡಿದ್ದ, ಅವಳ ಹಾಡು ತುಂಬಿದ್ದ ಡಬ್ಬಿಯನ್ನು ತಾನೇ ಸ್ಕೂಟರಿನಲ್ಲಿ ಮನೆಗೆ ತಂದ. ಫೋನ್ ಮಾಡದೆ ಬಂದಾಗಲೇ ನನಗೆ ಅರ್ಥವಾಯಿತು.

“ಏನೂ ಉಳಿದಿಲ್ಲ ಮಾವ,” ಎಂದ. “ಸಿಡಿಲು ಹೊಡೀತು ಅಂದ್ರಿ. ಒಳಗೆ ಒಂದು ತಂತಿನೂ ಸುಟ್ಟಿಲ್ಲ. ಏನ್ ಮಾಡಿದ್ರಿ, ನಿಜ ಹೇಳಿ.”

ನಾನು ಅವನಿಗೆ ಕುರ್ಚಿ ಎಳೆದು ಕೊಟ್ಟೆ.

ವಿಶಾಲಾಕ್ಷಿ ನನ್ನ ಹೆಂಡತಿ. ಕಳೆದ ಕಾರ್ತಿಕದಲ್ಲಿ ತೀರಿಕೊಂಡಳು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದಾಗ ಜೊತೆಗೆ ತಂದ ಸೋಬಾನೆ ಹಾಡುಗಳೆಲ್ಲ ಅವಳಿಗೆ ಬಾಯಿಗೆ ಬರುತ್ತಿದ್ದವು. ಸುತ್ತಲಿನ ಮದುವೆಗಳಲ್ಲಿ ಅವಳು ಒಂದು ಸೊಲ್ಲು ಎತ್ತಿಕೊಡುತ್ತಿದ್ದಳು, ಪಕ್ಕದ ಮನೆಯ ಜವರಿ ಅದನ್ನು ಹಿಡಿದು ಮುಂದುವರಿಸುತ್ತಿದ್ದಳು. ನಾನು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವನು. ಯಂತ್ರದ ಹುಚ್ಚು. ಹತ್ತು ವರ್ಷ ಅವಳ ಹಾಡುಗಳನ್ನು ರೆಕಾರ್ಡ್ ಮಾಡಿ, ಮನೆಯ ವೈಫೈಗೆ ಸೇರಿಸಿದ ಒಂದು ಸ್ಟೋರೇಜ್ ಡಬ್ಬಿಯಲ್ಲಿ ತುಂಬಿಟ್ಟಿದ್ದೆ. ಇನ್ನೂರ ಹದಿನೇಳು ಹಾಡು.

ಜವರಿಯ ಮೊಮ್ಮಗಳು ಅನುಶ್ರೀಗೆ ಈ ಬೇಸಿಗೆಯಲ್ಲಿ ಮದುವೆ ಗೊತ್ತಾಯಿತು. “ಅಕ್ಕನ ಹಾಡು ನನ್ನ ಫೋನಿಗೆ ಹಾಕ್ಸಣ್ಣ. ಕೇಳ್ಕಂಡು ಕಲೀತೀನಿ. ಹಸೆ ಮೇಲೆ ಕೂತ ಹೆಣ್ಣಿಗೆ ಸ್ಪೀಕರ್ ಹಾಡು ಹಾಕಿದ್ರೆ ಆಯ್ತದಾ?” ಎಂದು ಜವರಿ ಕೇಳಿದಳು.

ಅವಳ ಹೊಸ ಫೋನು ನನ್ನ ಹಳೆಯ ಡಬ್ಬಿಯನ್ನು ಒಪ್ಪಲಿಲ್ಲ. ಡಬ್ಬಿ ಮಾಡಿದ ಕಂಪನಿ ನಾಲ್ಕು ವರ್ಷದ ಹಿಂದೆಯೇ ಆ ಮಾದರಿಯನ್ನು ಒಳಗಿಂದ ನಡೆಸುವ ಸಾಫ್ಟ್‌ವೇರಿನ, ಅಂದರೆ ಫರ್ಮ್‌ವೇರಿನ, ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿತ್ತು. ಮುಂದಿನ ಮಾದರಿಗೆ ಮಾಡಿದ್ದನ್ನು ಇದಕ್ಕೂ ಹಾಕಬಹುದೆಂದು ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಧರ್ಮೇಶನನ್ನು ಕೇಳಿದೆ.

“ಹಾಕ್ಬೋದು. ಮುದುಕನಿಗೆ ಹುಡುಗನ ಶರ್ಟ್ ತೊಡಿಸ್ದಂಗೆ, ಗುಂಡಿ ಕಿತ್ಕೊಂಡ್ರೂ ಕಿತ್ಕೊಳ್ತು. ಮೊದ್ಲು ಹಾಡೆಲ್ಲ ಬೇರೆ ಡಿಸ್ಕಿಗೆ ಕಾಪಿ ಮಾಡೋಣ. ಸೋಮವಾರ ಡಿಸ್ಕ್ ತರ್ತೀನಿ. ಅಲ್ಲಿವರೆಗೂ ಮುಟ್ಬೇಡಿ ಮಾವ.”

ಸೋಮವಾರ ಅಮಾವಾಸ್ಯೆ. ಅವಳ ಹಾಡಿನ ಕೆಲಸವನ್ನು ಅಮಾವಾಸ್ಯೆಯ ದಿನ ಶುರು ಮಾಡಲು ನನಗೆ ಮನಸ್ಸಾಗಲಿಲ್ಲ. ಒಂದು ದಿನ ತಡೆದಿದ್ದರೆ ಮಂಗಳವಾರ ಬರುತ್ತಿತ್ತು. ಆದರೆ ಮೂವತ್ತನಾಲ್ಕು ವರ್ಷ ಕಂಬ ಹತ್ತಿದ ನನಗೆ ನಿನ್ನೆ ಮೊನ್ನೆಯ ಹುಡುಗ ಏನು ಹೇಳುವುದು ಎಂಬ ಜಂಬವೂ ಇತ್ತು. ಭಾನುವಾರ ಊಟವಾದ ಮೇಲೆ ಪಂಚಾಂಗ ನೋಡಿದೆ. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಮುಗಿಯುತ್ತದೆ ಎಂದುಕೊಂಡೆ. ದೇವರಿಗೆ ದೀಪ ಹಚ್ಚಿ, ಡಬ್ಬಿಗೂ ಒಂದು ಬೊಟ್ಟು ಕುಂಕುಮವಿಟ್ಟು ಹೊಸ ಫರ್ಮ್‌ವೇರ್ ಹಾಕಲು ಶುರು ಮಾಡಿದೆ. ಪರದೆಯ ಮೇಲೆ, ಮುಗಿಯುವವರೆಗೆ ಕರೆಂಟು ತೆಗೆಯಬಾರದು ಎಂದು ಬಂತು. ಓದಿದೆ.

ಅರ್ಧ ದಾಟಿರಬೇಕು. ದುಬಾರೆಯ ಕಡೆಯಿಂದ ಗುಡುಗಿತು. ಮಳೆಯಿಲ್ಲ, ಒಣ ಗುಡುಗು. ನಾನು ಎದ್ದೆ, ಗೋಡೆಯ ಪ್ಲಗ್ಗು ಕಿತ್ತೆ.

ಕೊಡಗಿನಲ್ಲಿ ಗುಡುಗಿದರೆ ಯಾವ ಮನೆಯಲ್ಲಿಯೂ ಮೊದಲು ಮಾಡುವ ಕೆಲಸ ಅದೇ. ಎಷ್ಟೋ ಟೀವಿ, ಫೋನುಗಳು ಸುಟ್ಟದ್ದನ್ನು ನೋಡಿ, ಮನೆಮನೆಗೂ ಹೋಗಿ ಹೇಳಿಕೊಟ್ಟವನೂ ನಾನೇ. ಕೈ ತಾನಾಗಿ ಹೋಯಿತು. ಕಿತ್ತ ಪ್ಲಗ್ಗು ಕೈಯಲ್ಲಿ ಹಿಡಿದು ನಿಂತಾಗ ಬುದ್ಧಿ ಬಂತು.

ಮತ್ತೆ ಹಾಕಿದಾಗ ಡಬ್ಬಿ ಎದ್ದಿತು, ಆದರೆ ತನ್ನ ಡಿಸ್ಕನ್ನೇ ಗುರುತಿಸಲಿಲ್ಲ. ಹೊಸದಾಗಿ ಸಿದ್ಧಮಾಡಲೇ, ಇರುವುದೆಲ್ಲ ಅಳಿಯುತ್ತದೆ ಎಂದು ಕೇಳಿತು. ಹಾಡುಗಳು ಆಗಲೇ ಹೋದವೆಂದು ನಾನು ಗಾಬರಿಯಲ್ಲಿದ್ದೆ. ಡಬ್ಬಿಯಾದರೂ ಸರಿಹೋಗಲಿ ಎಂದು ಹೂಂ ಒತ್ತಿದೆ.

ಸೋಮವಾರ ಡಿಸ್ಕ್ ತಂದ ಧರ್ಮೇಶನಿಗೆ ಸಿಡಿಲೆಂದು ಹೇಳಿ ಡಬ್ಬಿ ಕೊಟ್ಟಿದ್ದೆ. ಈಗ ಇಷ್ಟನ್ನೂ ಅವನಿಗೆ ಹೇಳಿದೆ. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ.

“ಅದೊಂದು ಒತ್ತದೆ ಇದ್ದಿದ್ರೆ ಡಿಸ್ಕ್ ಬಿಚ್ಚಿ ಹಾಡು ತೆಗೀತಿದ್ದೆ ಮಾವ. ಪ್ಲಗ್ ಕಿತ್ತಾಗ ಹಾಡು ಹೋಗಿರ್ಲಿಲ್ಲ.”

ಅವನು ಹೋದ ಮೇಲೆ ಜವರಿಯ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಮದುವೆಯ ಅಕ್ಕಿ ಆರಿಸುತ್ತಿದ್ದಳು. ಭಾನುವಾರ ಸಂಜೆ ಅವಳಿಗೂ ನಾನು ಸಿಡಿಲೆಂದೇ ಹೇಳಿದ್ದೆ. ಈಗ ನಿಂತುಕೊಂಡೇ ನಿಜ ಹೇಳಿದೆ.

ಜವರಿ ಮೊರ ಕೆಳಗಿಟ್ಟಳು. “ಮೂರು ದಿನದಿಂದ ಆ ಸಿಡಿಲಿಗೆ ಹಿಡಿಶಾಪ ಹಾಕ್ತಿದ್ದೀನಲ್ಲಣ್ಣ. ನಿನ್ಗೆ ಹಾಕ್ಬೇಕಿತ್ತಾ?”

“ಹಾಕು ತಾಯಿ.”

“ಅಕ್ಕ ಇದ್ದಿದ್ರೆ ಸೌಟು ತಕ್ಕಂಡು ಬರೋಳು,” ಎಂದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು, “ಕೂತ್ಕೊ. ಮದ್ವೆಗೆ ಇನ್ನೂ ಹನ್ನೆರಡು ದಿನ ಐತೆ. ಯಾರಾದ್ರೂ ಎತ್ತಿಕೊಟ್ರೆ ಮಿಕ್ಕಿದ್ದು ನಂಗೆ ತಾನಾಗೇ ಬತ್ತದೆ. ನಲವತ್ತೊಂದು ವರ್ಷ ಅವ್ಳ ಜೊತೇಲಿದ್ದೆ. ಹಸೆಗೆ ಕರಿಯೋ ಹಾಡಿನ ಮೊದಲ್ನೇ ಸೊಲ್ಲು ಹೇಳು,” ಎಂದಳು.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

ವಿಶಾಲಾಕ್ಷಿ ಹಾಡುವಾಗ ತಲೆ ಸ್ವಲ್ಪ ಎಡಕ್ಕೆ ವಾಲುತ್ತಿದ್ದದ್ದು ನೆನಪಿದೆ. ಯಂತ್ರವನ್ನು ಎಷ್ಟು ದೂರದಲ್ಲಿ ಇಡುತ್ತಿದ್ದೆನೆಂಬುದು ನೆನಪಿದೆ. ರೆಕಾರ್ಡ್ ಆಗುತ್ತಿದೆಯೇ ಎಂದು ನಾನು ಅದರ ಕೆಂಪು ದೀಪವನ್ನು ನೋಡುತ್ತಿದ್ದೆ. ಆಮೇಲೆ ಕೇಳಿದರಾಯಿತು ಎಂದುಕೊಂಡು ಒಂದು ಹಾಡನ್ನೂ ಮನಸ್ಸಿಟ್ಟು ಕೇಳಲಿಲ್ಲ.

“ಬರೋದಿಲ್ವಾ?” ಎಂದಳು ಜವರಿ. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಮೊರ ತೆಗೆದುಕೊಂಡು, ತನಗೆ ತಾನೇ ಏನೋ ಗುನುಗಿದಳು, ನಡುವಿನ ಒಂದು ಸೊಲ್ಲಿರಬೇಕು. ನಿಲ್ಲಿಸಿದಳು. ಮತ್ತೆ ಗುನುಗಿದಳು. ಈ ಸಲ ನಾನು ಕಿವಿಗೊಟ್ಟು ಕೇಳಿದೆ.

ತಾಯಿ ಕಾವೇರಿ, ಅವಳ ಬೂದಿಯನ್ನು ನಿನ್ನ ಮಡಿಲಿಗೆ ಹಾಕಿದ ಕೈಯೇ ಅವಳ ದನಿಯನ್ನೂ ಅಳಿಸಿತು. ನಾನು ಆಡಿದ ಸುಳ್ಳು ನನ್ನ ಲೆಕ್ಕಕ್ಕೇ ಇರಲಿ, ಅದು ಅವಳನ್ನು ತಟ್ಟದಿರಲಿ. ಜವರಿಯ ಬಾಯಿಗೆ ಮೊದಲ ಸೊಲ್ಲು ಕೊಡು. ನನ್ನ ವಿಶಾಲಾಕ್ಷಿ ಇರುವಲ್ಲಿ ಅವಳಿಗೆ ಶಾಂತಿ ಕೊಡು ತಾಯಿ.