ಖಾಲಿ ಕಾಲು

ಬಿಳಿಜೋಳ ತೆನೆ ಬಿಡುವ ದಿನಗಳು. ಬೆಳಗಿನ ಚಳಿ ಇನ್ನೂ ಕಳೆದಿರಲಿಲ್ಲ. ಬಾಗಲಕೋಟೆಯ ದವಾಖಾನೆಯ ಬಾಗಿಲಲ್ಲಿ ಮಲಕಪ್ಪನ ಕಾಲುಗಳು ನಿಂತುಬಿಟ್ಟಿದ್ದವು. ಚಂದವ್ವ ಗಂಡನ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಮೈ ಮುಂದೆ ಬಾಗುತ್ತಿತ್ತು, ಪಾದ ಮಾತ್ರ ನೆಲ ಬಿಡುತ್ತಿರಲಿಲ್ಲ.

"ಕಾಲ ಎತ್ರಿ. ಹಿಂದ ಮಂದಿ ನಿಂತಾರ."

"ನಾ ಒಲ್ಲೆ ಅಂದೇನೇನು? ಅದು ಒಲ್ಲೆ ಅಂತೈತಿ," ಎಂದ ಮಲಕಪ್ಪ.

"ಎಳೀಬ್ಯಾಡ್ರಿ ಅವ್ವಾರ," ಎನ್ನುತ್ತ ಒಳಗಿನಿಂದ ರೋಹಿಣಿ ಬಂದಳು. ಕೈಕಾಲಿನ ವ್ಯಾಯಾಮ ಮಾಡಿಸುವ ಹುಡುಗಿ. ಮಲಕಪ್ಪನಿಗೆ ಎದುರಾಗಿ ನಿಂತು, ಅವನ ಅಂಗೈಗೆ ತನ್ನ ಅಂಗೈ ಹಚ್ಚಿದಳು. "ನೀವು ಬರಬ್ಯಾಡ್ರಿ ಅಜ್ಜಾರ. ನನ್ನ ಒಳಗ ಕಳಸ್ರಿ."

ಅವನು ಸಂಕೋಚದಿಂದ ಕೈಯ ಮೇಲೆ ತುಸು ಭಾರ ಹಾಕಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಬಿಟ್ಟ ಜಾಗಕ್ಕೆ ಅವನ ಕಾಲು ತಾನೇ ಬಂದು ಕೂತಿತು.

ಮಲಕಪ್ಪ ಅಮೀನಗಡದ ಕರದಂಟಿನ ಅಂಗಡಿಯೊಂದರಲ್ಲಿ ಬೆಲ್ಲದ ಪಾಕ ತಿರುವುತ್ತ ಮುದುಕನಾದವನು. ಮೊದಲು ಕೈಗೆ ನಡುಕ ಬಂತು, ಆಮೇಲೆ ಕಾಲುಗಳು ಹೀಗೆ ನಿಲ್ಲತೊಡಗಿದವು. ನೆಟ್ಟಗೆ ನಡೆಯುವಾಗ ಹೇಗೋ ನಡೆದುಬಿಡುತ್ತಿದ್ದ, ತಿರುಗುವಾಗ ಬೀಳುತ್ತಿದ್ದ. ಇನ್ನೊಮ್ಮೆ ಬಿದ್ದು ಟೊಂಕ ಮುರಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಮಗ ಮತ್ತು ಸೊಸೆ ಹೊತ್ತು ಏರುವ ಮೊದಲೇ ದುಡಿಯಲು ಹೋಗುವವರು. ಮನೆಯಲ್ಲಿದ್ದಾಗ ಸೊಸೆ ಜಯಶ್ರೀ ಆಸರೆಗೆ ಬಂದರೂ ಅವನು ಕೈ ಕೊಡುತ್ತಿರಲಿಲ್ಲ. ಸೊಸೆಯ ಕೈ ಹಿಡಿದು ಬಚ್ಚಲಿಗೆ ಹೋಗುವುದೆಂದರೆ ಅವನಿಗೆ ಸತ್ತಷ್ಟು ನಾಚಿಕೆ. ಹೀಗಾಗಿ ಎಲ್ಲಕ್ಕೂ ಚಂದವ್ವನೇ.

ಆ ಚಂದವ್ವನಿಗೆ ಹುನಗುಂದದಿಂದ ಕರೆ ಬರುತ್ತಿತ್ತು. ಅಕ್ಕ ದುರಗವ್ವ ಹಾಸಿಗೆ ಹಿಡಿದಿದ್ದಳು. ತಾಯಿ ಇಲ್ಲದ ಚಂದವ್ವನನ್ನು ಎತ್ತಿ ಆಡಿಸಿ, ಲಗ್ನ ಮಾಡಿಕೊಟ್ಟವಳು ಆಕೆ. "ಚಂದೀನ ಕರೀರಿ, ಕಡೀಕ ಆಕಿ ನನ್ನ ಹಂತ್ಯಾಕ ಇರ್ಲಿ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳಂತೆ. ಚಂದವ್ವ ಒಂದು ದಿನ ಮುಂಜಾನೆಯ ಬಸ್ಸಿಗೆ ಹೋಗಿ, ಅಕ್ಕನಿಗೆ ಎರಡು ತುತ್ತು ಉಣಿಸಿ, ಊಟದ ಹೊತ್ತಿಗೆ ತಿರುಗಿ ಬಂದಿದ್ದಳು. ಅಷ್ಟರಲ್ಲಿ ಮಲಕಪ್ಪ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದ. ಆಮೇಲೆ ಅವಳು ಹುನಗುಂದದ ಹೆಸರು ತೆಗೆಯಲಿಲ್ಲ.

ಇದನ್ನೆಲ್ಲ ಕೇಳಿಕೊಂಡ ರೋಹಿಣಿ ಗಂಡಹೆಂಡಿರನ್ನು ಎದುರುಬದುರು ನಿಲ್ಲಿಸಿದಳು. ಮೊಬೈಲಿನಲ್ಲಿ ಯಾವುದೋ ವಾದ್ಯ ಹಚ್ಚಿದಳು. ಬಾಜಾಪೆಟ್ಟಿಗೆಯ ಹಾಗೇ, ಆದರೆ ಬಿಕ್ಕಿದಂತೆ ಕೇಳುತ್ತಿತ್ತು.

"ಇದು ಅರ್ಜೆಂಟೈನಾ ಅನ್ನೋ ದೇಶದ ಕುಣಿತ. ಟ್ಯಾಂಗೊ ಅಂತಾರ. ಪುಣೆದಾಗ ಕಲಿತೇನಿ. ಭಾಳ ಏನಿಲ್ಲ, ನಡ್ಯಾಕ ಬಂದ್ರ ಸಾಕು."

"ನಡ್ಯಾಕ ಬರವಲ್ದಂತನ ಬಂದೇನಿ ತಾಯಿ," ಎಂದ ಮಲಕಪ್ಪ.

ರೋಹಿಣಿ ನಕ್ಕಳು. ಅವನ ಬಲಗೈಯನ್ನು ಚಂದವ್ವನ ಬೆನ್ನಿಗೆ ಇಟ್ಟಳು. ಚಂದವ್ವ ಸೆರಗು ಎಳೆದುಕೊಂಡು ಗೋಡೆಯ ಕಡೆ ನೋಡಿದಳು. ಲಗ್ನವಾದಂದಿನಿಂದ ಅವಳು ಗಂಡನ ಹಿಂದೆ ನಡೆದವಳು. ಹೀಗೆ ಮುಂದೆ ನಿಂತು, ಮುಖಕ್ಕೆ ಮುಖ ಕೊಟ್ಟು, ಹಿಮ್ಮುಖ ನಡೆದವಳಲ್ಲ.

"ಅಜ್ಜಾರ, ಮೊದಲ ಮೈಭಾರ ಒಂದ ಕಾಲಿಗೆ ಹಾಕ್ರಿ. ಭಾರ ಇದ್ದ ಕಾಲು ಏಳಂಗಿಲ್ಲ. ಖಾಲಿ ಕಾಲಷ್ಟ ಏಳ್ತೈತಿ."

ಮಲಕಪ್ಪನಿಗೆ ಅದು ತಿಳಿಯಿತು. ಕೊಪ್ಪರಿಗೆಯ ಮುಂದೆ ನಿಂತು ಉದ್ದನೆಯ ಹುಟ್ಟು ಆಡಿಸುವಾಗ ಮೈಯೆಲ್ಲ ಈ ಕಾಲಿನಿಂದ ಆ ಕಾಲಿಗೆ ಹೋಗುತ್ತಿತ್ತಲ್ಲ, ಹಾಗೆ. ಅವನು ಎಡಕ್ಕೆ ವಾಲಿದ. ಎದೆ ಇನ್ನೂ ಮುಂದೆ ಬಂದಿರಲಿಲ್ಲ. ಅಷ್ಟರಲ್ಲೇ ಚಂದವ್ವ ಸರಕ್ಕನೆ ಹಿಂದೆ ಸರಿದಳು. ಅವನ ಕಾಲು ಮತ್ತೆ ಕಚ್ಚಿಕೊಂಡಿತು.

ಮತ್ತೆ ನೋಡಿದರು, ಮತ್ತೆ ಹಾಗೇ ಆಯಿತು. ತಪ್ಪು ಅಜ್ಜನದಲ್ಲ ಎಂಬುದು ಆಗ ರೋಹಿಣಿಗೆ ಕಂಡಿತು.

"ಅವ್ವಾರ, ಅವರು ಇನ್ನೂ ಕೇಳಿಲ್ಲ. ನೀವು ಯಾಕ ಹೊಂಟ್ರಿ?"

"ಕೇಳೂದೇನೈತಿ ಯವ್ವಾ? ಇವರಿಗೆ ಏನ್ ಬೇಕಂತ ನನಗ ಗೊತ್ತಾಗ್ತೈತಿ. ನೀರ ಬೇಕಂದ್ರ ಬಾಯಿ ಬಿಡೂದ್ರಾಗ ತಂಬಿಗಿ ಕೈಯಾಗ ಇರ್ತೈತಿ."

"ಗೊತ್ತಾಗ್ಲಿ. ಆದ್ರೂ ನಿಲ್ರಿ. ಅವರ ಎದಿ ಹೇಳೂತನಕ ನಿಲ್ರಿ. ನೀವ ಮೊದಲ ಹೋದ್ರ, ಅವರಿಗೆ ಹೋಗಾಕ ಏನ್ ಉಳೀತು?"

ಚಂದವ್ವ ಮತ್ತೆ ಗಂಡನ ಎದುರು ಬಂದು ನಿಂತಳು.

ಅಂದಿನಿಂದ ಮನೆಯ ಅಂಗಳದಲ್ಲಿ ದಿನಾ ಸಂಜೆ ಅಭ್ಯಾಸ ನಡೆಯಿತು. ಮಲಕಪ್ಪನ ಜತೆಗೆ ಪಾಕ ತಿರುವಿದ ಗೆಳೆಯ ಅಲ್ಲಾಸಾಬ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ.

"ಏನಲೇ ಮಲಕ್ಯಾ, ಲಗ್ನದಾಗ ಹೆಂಡ್ತಿ ಮಾರಿ ನೋಡಾಕ ನಾಚಿದಾಂವ, ಹಲ್ಲ ಬಿದ್ದಮ್ಯಾಲ ಅಪ್ಪಿಕೊಂಡಿ!"

"ನಿನ್ನ ಹಲ್ಲ ಎಲ್ಲಿ ಅದಾವ ತೋರಸಣ್ಣಾ," ಎಂದಳು ಚಂದವ್ವ. "ಹೋಗು, ಭಾಬಿನ್ನ ಕರಕೊಂಡ ಬಾ. ನಿನಗೂ ಕಲಸ್ತೇನಿ."

ಕುಣಿತಕ್ಕಿಂತ ನಿಲ್ಲುವುದೇ ಅವಳಿಗೆ ಕಷ್ಟವಾಯಿತು. ಗಂಡ ನಡುಮನೆಯ ಬಾಗಿಲಲ್ಲಿ ತಡೆದು ನಿಂತರೆ ಅವಳ ಕೈ ತಾನೇ ಮುಂದೆ ಹೋಗುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಸಲ ರೊಟ್ಟಿ ಬಡಿಯುತ್ತ ಕೂತಿದ್ದಾಗ ಅವನು ಒಲೆಯ ಆಚೆ ನಿಂತು ಹೊಯ್ದಾಡಿದ. ಚಂದವ್ವ ಏಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಬಂತು. ಅವಳು ಹಿಟ್ಟಿನ ಕೈಯನ್ನು ಮಡಿಲಲ್ಲಿ ಒತ್ತಿ ಹಿಡಿದು ಅವನ ಪಾದವನ್ನೇ ನೋಡಿದಳು. ಬಹಳ ಹೊತ್ತಾದ ಮೇಲೆ ಅವನು ಎಡಕ್ಕೆ ಭಾರ ಹಾಕಿದ, ಬಲಗಾಲು ಬಂತು.

"ರೊಟ್ಟಿ ಹೊತ್ತೈತಿ," ಎಂದ.

"ಹೊತ್ತಲಿ ಬಿಡ್ರಿ," ಎಂದಳು. ಅವಳ ಕಣ್ಣು ತುಂಬಿದ್ದವು.

ತಿರುಗುವ ಪಾಠ ಕಡೆಗೆ ಬಂತು. ಅದರಲ್ಲಿ ಗಂಡಸು ನಡುವೆ ನಿಲ್ಲಬೇಕು, ಹೆಂಗಸು ಅವನ ಸುತ್ತ ಬರಬೇಕು. ಆದರೆ ಅವಳನ್ನು ಸುತ್ತಿಸುವುದು ಅವನ ಎದೆ. "ಗಕ್ಕನ ಹೊಳ್ಳಬ್ಯಾಡ್ರಿ," ಎಂದು ರೋಹಿಣಿ ಹೇಳಿಕೊಟ್ಟಿದ್ದಳು. "ಮೊದಲ ಎದಿ, ಆಮ್ಯಾಲ ಟೊಂಕ. ಕಾಲು ಎಲ್ಲಾದಕಿಂತ ಹಿಂದ." ಚಂದವ್ವ ಗಂಡನ ಸುತ್ತ ಒಂದು ಹೆಜ್ಜೆ ಮುಂದೆ, ಒಂದು ಪಕ್ಕಕ್ಕೆ, ಒಂದು ಹಿಂದೆ ಇಡುತ್ತ ಹೋಗುತ್ತಿದ್ದಳು. ಅವಳು ಮುಂದಿದ್ದರೆ ಅವನು ತಿರುಗುತ್ತಿದ್ದ. ಅವನು ಒಬ್ಬನೇ ತಿರುಗಲಿ ಎನ್ನುವ ಧೈರ್ಯ ಮಾತ್ರ ಇಬ್ಬರಿಗೂ ಬರಲಿಲ್ಲ.

ದುರಗವ್ವ ಅನ್ನ ಬಿಟ್ಟಳೆಂಬ ಸುದ್ದಿ ಬಂದ ದಿನ ಚಂದವ್ವ ಎಂದಿನಂತೆ ಕಸ ಹೊಡೆದಳು, ನೀರು ತುಂಬಿದಳು. ಮಲಕಪ್ಪ ನೋಡಿದ.

"ಸೀರಿ ಹಾಕ್ಕೊ ಚೀಲದಾಗ. ಹೋಗು."

"ನೀವು?"

"ನಾ ಬರ್ತೇನಿ, ಬಸ್ಸಿನತನಕ."

ಮರುದಿನ ಮುಂಜಾನೆ ಇಬ್ಬರೂ ನಡೆದು ರಸ್ತೆಗೆ ಬಂದರು. ಕರದಂಟಿನ ಅಂಗಡಿಗಳು ಆಗಷ್ಟೇ ಬಾಗಿಲು ತೆಗೆಯುತ್ತಿದ್ದವು. ಅಲ್ಲಾಸಾಬ ಒಂದು ಅಂಗಡಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಬಸ್ಸು ಬಂದು ನಿಂತಿತು.

"ಬಿದ್ರಿ ಅಂದ್ರ?" ಎಂದಳು ಚಂದವ್ವ.

"ಬಿದ್ರ ಏಳ್ತೇನಿ. ನಿಮ್ಮಕ್ಕ ಹೋದ್ಲಂದ್ರ ಮತ್ತ ಬರ್ತಾಳೇನು?"

ಅವಳು ಬಸ್ಸಿನ ಬಾಗಿಲಿಗೆ ಮುಖ ಮಾಡಿ ನಿಂತಳು, ಆದರೆ ಹತ್ತಲಿಲ್ಲ. ಕಂಡಕ್ಟರ್ ಕೂಗಿದ. ಮಲಕಪ್ಪ ಬಲಗೈಯನ್ನು ಅವಳ ಬೆನ್ನಿಗೆ ಇಟ್ಟು, ತುಸುವೇ ಎದೆ ಮುಂದೆ ತಂದ. ಆಗ ಅವಳು ಕಾಲೆತ್ತಿ ಮೆಟ್ಟಿಲ ಮೇಲೆ ಇಟ್ಟಳು.

ಬಸ್ಸು ಹೋಯಿತು. ಮಲಕಪ್ಪ ಹುನಗುಂದದ ಕಡೆ ಮುಖ ಮಾಡಿ ನಿಂತೇ ಇದ್ದ. ಮನೆ ಬೆನ್ನ ಹಿಂದೆ ಇತ್ತು. ಅಲ್ಲಾಸಾಬ ಚಹಾದ ಬಶಿ ಕೆಳಗಿಟ್ಟು, ಆಸರೆಯಾಗಲು ಎದ್ದ. ಏನೋ ಎಣಿಸಿ ಮತ್ತೆ ಕೂತ.

ಮಲಕಪ್ಪ ಎಡಗಾಲಿಗೆ ಭಾರ ಕೊಟ್ಟ. ಎದೆ ನಿಧಾನ ಹೊರಳಿತು, ಟೊಂಕ ಹೊರಳಿತು. ಎಲ್ಲಕ್ಕಿಂತ ಹಿಂದೆ ಬಲಗಾಲು ಧೂಳಿನಲ್ಲಿ ವಂಕಿಯಂಥ ಒಂದು ಸಣ್ಣ ಬಾಗುಗೆರೆ ಎಳೆದುಕೊಂಡು ಬಂತು. ಬಲಗೈ ಇನ್ನೂ ಎದೆಯೆತ್ತರದಲ್ಲಿ, ಯಾರ ಬೆನ್ನೂ ಇಲ್ಲದ ಕಡೆ ತೆರೆದೇ ಇತ್ತು.