ಶ್ರುತಿ ತಪ್ಪಿದ ಗಂಟೆ

ಮೆಲಾಕಾ ನಗರದ ಪ್ರದರ್ಶನವೊಂದಕ್ಕೆ ಪ್ರಕೃತಿ ಹಳೆಯ ಚೀನಾದ ಆಸ್ಥಾನ ಸಂಗೀತಗಾರನೊಬ್ಬನ ಬದುಕನ್ನು ಫಲಕಕ್ಕೆಂದು ಬರೆದುಕೊಟ್ಟಿದ್ದಳು. ಅವನು ಶ್ರುತಿಶಾಸ್ತ್ರದ ಮೇಲೆ ಐದು ಗ್ರಂಥ ಬರೆದ ವಿದ್ವಾಂಸ. ಚಕ್ರವರ್ತಿ ಎರಕ ಹೊಯ್ಯಿಸಿದ ಹೊಸ ಗಂಟೆಯ ಶ್ರುತಿ ತಪ್ಪಿದೆ ಎಂದು ತುಂಬಿದ ಸಭೆಯಲ್ಲಿ ಹೇಳಿ ಗಡೀಪಾರಾಗಿದ್ದ. ಉದ್ಘಾಟನೆಯ ಬೆಳಿಗ್ಗೆ ಬಂದು ನೋಡಿದರೆ ಫಲಕದ ಮೇಲೆ ಒಂದೇ ಸಾಲಿತ್ತು: ‘ಅರಸನನ್ನು ರಂಜಿಸುತ್ತಿದ್ದ ವಾದ್ಯಗಾರ.’

“ಗುರುದತ್ ಸರ್, ಇಡೀ ಜೀವನಾನೇ ಕತ್ತರಿಸಿಬಿಟ್ಟಿದ್ದೀರಲ್ಲ!”

“ಅಷ್ಟುದ್ದ ಯಾರು ಓದ್ತಾರೆ ಲಾ? ಫೋಟೋ ತೆಗೀತಾರೆ, ಹೋಗ್ತಾರೆ,” ಎಂದ ಪ್ರದರ್ಶನದ ಮುಖ್ಯಸ್ಥ, ಆ ಊರಿನವರಂತೆ ಮಾತಿನ ಕೊನೆಗೊಂದು ‘ಲಾ’ ಸೇರಿಸಿ.

“ನಿಜ ಹೇಳಿದ್ದಕ್ಕೆ ಅವನನ್ನ ಊರು ಬಿಡಿಸಿದ್ರು. ನೀವು ಅದನ್ನೂ ಅಳಿಸಿದ್ರಿ!”

ಪ್ರಕೃತಿ ಫಲಕದ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ಅವನ ಕಥೆ ಹೇಳತೊಡಗಿದಳು. ಗುರುದತ್ ಎರಡು ಸಲ ಬಂದು ಸಾಕು ಎಂದ. ಮಧ್ಯಾಹ್ನದವರೆಗೂ ಅವಳು ನಿಲ್ಲಿಸಲಿಲ್ಲ, ಕೇಳುತ್ತಿದ್ದವರೂ ಕದಲಲಿಲ್ಲ.