ದಾಳಿಂಬೆ ಗಿಡದ ಮುಂದೆ

ಅರ್ಧ ನೇಯ್ದ ಸೀರೆಯ ಮೇಲೆ ಎರಡು ಫೋಟೋ ಅಕ್ಕಪಕ್ಕ ಇಟ್ಟು, ಸೀರೆ ನೇಯಿಸಿ ಮಾರುವ ಸಾವಕಾರ ರಾಮಲಿಂಗಪ್ಪ ಕನ್ನಡಕ ಏರಿಸಿದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಬನಶಂಕರಿ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಎರಡೂ ಒಂದ ಥರಾ ಅದಾವಲ್ಲ," ಎಂದರು ಸಾವಕಾರರು.

ಒಂದೇ ಥರ ಎಲ್ಲಿ ಬಂತು? ಹೌದು, ಅದೇ ಹಿತ್ತಲು, ಅದೇ ದಾಳಿಂಬೆ ಗಿಡ, ಅದೇ ನೀಲಿ ಒಡಲಿನ ಕೆಂಪು ದಡಿಯ ಸೀರೆ. ಆದರೆ ಮೊದಲನೆಯದರಲ್ಲಿ ಎಲೆ ತುಂಬಿದ ಟೊಂಗೆಯೊಂದು ಅಡ್ಡ ಬಂದು ಬನಶಂಕರಿಯ ಗದ್ದವೊಂದನ್ನು ಬಿಟ್ಟು ಮುಖವನ್ನೆಲ್ಲ ನುಂಗಿಬಿಟ್ಟಿತ್ತು. ಆಮೇಲೆ ಜಮಖಂಡಿಯ ಫೋಟೋದ ಸಿದ್ದಾರೂಢ, "ಆತ್ರಿ ಅಕ್ಕಾರ, ಮುಗೀತು" ಅಂದ. ಅಷ್ಟರಲ್ಲಿ ಗಾಳಿ ಬೀಸಿ ಟೊಂಗೆ ಸರಿಯಿತು. ಸದ್ಯ ಪಾರಾದೆ ಅಂತ ಬನಶಂಕರಿ ನಕ್ಕಳು. ಆ ಪುಣ್ಯಾತ್ಮ ಇನ್ನೊಮ್ಮೆ ಗುಂಡಿ ಒತ್ತಿದ್ದ.

ಬನಹಟ್ಟಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ನೇಯುತ್ತಲೇ ಇದ್ದಳು. ಸೀರೆ ಮಾತ್ರ ಸೂರತ್‌ನಿಂದ ತರಿಸಿದ ಡಬ್ಬಿಯೊಳಗೆ ಹೋಗುತ್ತಿತ್ತು. ಡಬ್ಬಿಯ ಮೇಲೆ ಯಾವಳೋ ಬೆಳ್ಳನೆಯವಳು, ಯಾವುದೋ ಮಿರಿಮಿರಿ ಸೀರೆ. ಒಳಗೊಂದು ಹೊರಗೊಂದು ಎಂದು ಸೊಲ್ಲಾಪುರದ ಅಂಗಡಿಯವರು ಗೊಣಗಿದ ಮೇಲೆ ಸಾವಕಾರರು ಸ್ವಂತ ಡಬ್ಬಿ ಮಾಡಿಸಲು ಹೊರಟಿದ್ದರು. ಅದರ ಫೋಟೋಕ್ಕೆ ಸೀರೆ ಉಟ್ಟು ನಿಲ್ಲಬೇಕಾಗಿದ್ದ ಮುಧೋಳದ ಹುಡುಗಿ ಜ್ವರ ಬಂದು ಮಲಗಿದ್ದರಿಂದ ನೇಯ್ದವಳೇ ನಿಂತಳು. ಈ ನೀಲಿಗೆ ಕೆಂಪು ಯಾರು ಉಡ್ತಾರವ್ವ ಎಂದಿದ್ದ ಸಾವಕಾರರ ಜೊತೆ ಜಗಳಾಡಿ ಆ ಬಣ್ಣ ಕೂಡಿಸಿದವಳೂ ಅವಳೇ. ಅದಕ್ಕೇ ಅವಳಿಗೆ ಎರಡನೆಯ ಫೋಟೋ ಬೇಕಾಗಿತ್ತು, ಹೊಟ್ಟೆಯೊಳಗಿನಿಂದ ಬೇಕಾಗಿತ್ತು.

"ಮಾರಿ ಮುಚ್ಚಿದ್ದ ಇರ್ಲಿರಿ," ಎಂದ ಗಂಡ ಮಹಾಲಿಂಗಪ್ಪ. "ಊರೂರ ಅಂಗಡ್ಯಾಗ ನಮ್ಮ ಮನಿ ಹೆಣ್ಮಗಳ ಮಾರಿ ಇಟ್ರ, ನಾಕ ಮಂದಿ ಏನಂದಾರು?" ಕೆಟ್ಟವನಲ್ಲ ಅವನು. ಚಹಾದಂಗಡಿಯ ಬಾಯಿಗಳಿಗೆ ಹೆದರುವವನು, ಅಷ್ಟೇ.

"ನಮಗೂ ಸೀರಿ ಕಂಡ್ರ ಸಾಕು. ಮದಲನೇದ ಅಚ್ಚಿಗೆ ಕಳಸ್ತೇನಿ," ಎಂದು ಸಾವಕಾರರು ಕೈ ಹಾಕಿದರು.

"ನನಗ ಎರಡನೇದು ಬೇಕ್ರಿ."

ಅಂದದ್ದು ತಾನೇ ಎಂದು ಬನಶಂಕರಿಗೆ ತಡವಾಗಿ ತಿಳಿಯಿತು. ಗಂಡ ಕಣ್ಣು ಬಿಟ್ಟ. ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅತ್ತೆ ಸಾತವ್ವ ರಾಟಿ ನಿಲ್ಲಿಸಿದಳು. ಸಾವಳಗಿ, ಗಲಗಲಿ ಸಂತೆಗಳಲ್ಲಿ ತಲೆಯ ಮೇಲೆ ಗಂಟು ಹೊತ್ತು ಸೀರೆ ಮಾರಿ ಮುದುಕಿಯಾದವಳು ಅವಳು. ಬಯ್ಯುತ್ತಾಳೆ ಎಂದು ಬನಶಂಕರಿ ತಲೆ ತಗ್ಗಿಸಿದಳು. ಸಾತವ್ವ ಮಾತ್ರ, ಹೆಪ್ಪಿಗೆ ಮಜ್ಜಿಗೆ ಕೇಳಲು ಆಗಷ್ಟೇ ಬಾಗಿಲಿಗೆ ಬಂದಿದ್ದ ನೆರೆಮನೆಯ ರತ್ನಾಬಾಯಿಯನ್ನು ಒಳಗೆ ಕರೆದು ಮೊದಲನೆಯ ಫೋಟೋ ಕೈಗೆ ಕೊಟ್ಟಳು.

"ನೋಡವಾ, ಏನ ಕಾಣತೈತಿ?"

ರತ್ನಾಬಾಯಿ ಫೋಟೋವನ್ನು ಬೆಳಕಿಗೆ ಹಿಡಿದಳು. "ದಾಳಿಂಬಿ. ಕಾಯಿ ಛಲೋ ಹಿಡದಾವ ಬಿಡು. ಮಾರಾಕ ಇಟ್ಟೀರೇನು?"

ಸಾವಕಾರರು ಕೆಮ್ಮಿದರು. ಸಾತವ್ವ ಎರಡನೆಯದನ್ನು ಕೊಟ್ಟಳು. ನೋಡುತ್ತ ನೋಡುತ್ತ ರತ್ನಾಬಾಯಿಯ ಮುಖದಲ್ಲೂ ನಗು ಬಂತು.

"ಅಯ್ಯ, ನಮ್ಮ ಬನಶಂಕರಿ. ಎಟ್ಟ ಚಂದ ನಕ್ಕಾಳಬೇ." ಆಮೇಲೆ ಅವಳ ಬೆರಳು ಮೆಲ್ಲಗೆ ದಡಿಯ ಮೇಲೆ ಬಂತು. "ಈ ಸೀರಿ ಎಲ್ಲಿ ಸಿಗತೈತಿ? ನನಗೂ ಒಂದ ಬೇಕವಾ."

"ಸಾವಕಾರ್ರನ್ನ ಕೇಳು, ಇಲ್ಲೇ ಅದಾರ," ಎಂದು ಸಾತವ್ವ ಮತ್ತೆ ರಾಟಿ ತಿರುಗಿಸಿದಳು.

ರಾಮಲಿಂಗಪ್ಪ ಎರಡನೆಯ ಫೋಟೋವನ್ನು ಅಂಗಿಯ ಕಿಸೆಗಿಟ್ಟು ಎದ್ದರು. ಮೊದಲನೆಯದನ್ನು ಯಾರೂ ಕೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಗಂಡ ಹೆಂಡತಿ ಜಮಖಂಡಿ ಪೇಟೆಗೆ ಹೋದರು. ಬಟ್ಟೆಯಂಗಡಿಯೊಂದರ ಮುಂದೆ ಬನಶಂಕರಿಯ ಕಾಲು ನಿಂತೇ ಹೋಯಿತು. ಬಾಗಿಲಿನಿಂದ ಮಾಡಿನವರೆಗೂ ಡಬ್ಬಿಗಳು, ಡಬ್ಬಿಯ ತುಂಬ ದಾಳಿಂಬೆ ಎಲೆ, ಎಲೆಗಳ ನಡುವೆ ನಗುತ್ತಿರುವ ತಾನು. ಇಬ್ಬರು ಹೆಂಗಸರು ಆ ಡಬ್ಬಿಯನ್ನೇ ತೋರಿಸಿ ಅಂಥದ್ದೇ ಕೊಡಿ ಎಂದು ಹಟ ಹಿಡಿದಿದ್ದರು.

ಮಹಾಲಿಂಗಪ್ಪ ದಿಟ್ಟಿಸಿ ನೋಡುತ್ತಿದ್ದುದನ್ನು ಕಂಡು ಅಂಗಡಿಯವನು, "ಸಿನಿಮಾದಾಕಿ ಇರಬೇಕ ನೋಡ್ರಿ," ಎಂದ.

"ನಮ್ಮ ಮನಿಯಾಕಿ," ಎಂದ ಮಹಾಲಿಂಗಪ್ಪ. "ಸೀರಿನೂ ಆಕೀನ ನೇಯ್ದದ್ದು."

ಮೂಲೆಯ ಒಂದು ಡಬ್ಬಿ ಗೋಡೆಗೆ ಮುಖ ಮಾಡಿತ್ತು. ಅವನು ಒಳಗೆ ಹೋಗಿ ಅದನ್ನು ಎತ್ತಿ, ಹೆಗಲ ಟವೆಲಿನಿಂದ ಧೂಳು ಒರೆಸಿ, ರಸ್ತೆಯ ಕಡೆ ತಿರುಗಿಸಿ ಇಟ್ಟ.